ಅಪ್‌ಡೇಟ್: ಅಡುಗೆಮನೆ ಬಾಗಿಲಿಗೆ ಕೊನೆಗೂ ಬಣ್ಣ ಹೊಡೆದೆ

ಹೋದ ತಿಂಗಳು ಕೇಳಿದ್ದೆ ಅಲ್ವಾ, ನಮ್ಮ ದಾವಣಗೆರೆ ಮನೆಯ ಅಡುಗೆಮನೆ ಕಬೋರ್ಡಿನ ಹಳೇ ಸನ್‌ಮೈಕಾ ಬಾಗಿಲುಗಳಿಗೆ ನಾನೇ ಬಣ್ಣ ಹೊಡೆಯಬಹುದಾ ಅಂತ. ಹೊಡೆದೆ. ಒಂಬತ್ತು ಬಾಗಿಲು, ಮೂರು ಭಾನುವಾರ.

ನಿಜವಾದ ಕೆಲಸ ಬಣ್ಣದ್ದಲ್ಲ, ಜಿಡ್ಡಿನದು. ವಾರಕ್ಕೆರಡು ಸಲ ಮಿರ್ಚಿ ಕರಿಯುವ ಮನೆ ನಮ್ಮದು. ಒಲೆ ಪಕ್ಕದ ಬಾಗಿಲನ್ನು ಬಿಸಿನೀರು, ಪಾತ್ರೆ ಸೋಪು ಹಾಕಿ ಮೂರು ಸಲ ತಿಕ್ಕಿದರೂ ಬೆರಳು ಅಂಟುತ್ತಿತ್ತು. ಪೂರ್ತಿ ಒಣಗಿದ ಮೇಲೆ 220 ನಂಬರ್ ಸ್ಯಾಂಡ್ ಪೇಪರಿನಲ್ಲಿ ಹೊಳಪು ಹೋಗುವ ತನಕ ಉಜ್ಜಿ, ಒರೆಸಿ, ಒಂದು ಕೋಟ್ ಪ್ರೈಮರ್, ಆಮೇಲೆ ತೆಳುವಾಗಿ ಎರಡು ಕೋಟ್ ಎನಾಮೆಲ್. ಬ್ರಷ್ ಗೆರೆ ಬೀಳುತ್ತೆ, ಸ್ಪಂಜಿನ ಸಣ್ಣ ರೋಲರ್ ವಾಸಿ.

ಮೊದಲ ಬಾಗಿಲಿಗೆ ಆತುರಪಟ್ಟು ಪ್ರೈಮರ್ ಬಿಟ್ಟಿದ್ದೆ. ಉಗುರು ತಾಗಿದ್ದೇ ಸಿಪ್ಪೆ ಥರ ಎದ್ದು ಬಂತು! ಮತ್ತೆ ಕೆರೆದೆ.

ಇನ್ನೊಂದು ಪೆದ್ದುತನ, ಬಿಚ್ಚುವಾಗ ಬಾಗಿಲಿಗೆ ನಂಬರ್ ಬರೆದಿಡಲಿಲ್ಲ. ಯಾವ ಹಿಂಜ್ ಎಲ್ಲಿಯದು ಅಂತ ಹುಡುಕುವಷ್ಟರಲ್ಲಿ ಅರ್ಧ ದಿನ ಹೋಯಿತು.

ಬಿಳಿ ಬೇಕಿತ್ತು ನನಗೆ. "ಅರಿಶಿನದ ಕೈ ಎದ್ದು ಕಾಣುತ್ತೆ, ಬೇಡ ಕಣೋ" ಅಂದರು ಅಮ್ಮ, ಬೂದು ಬಣ್ಣ ಆಯಿತು.

ಸಿಂಕ್ ಕೆಳಗಿನದಕ್ಕೆ ಮಾತ್ರ ಹೊಡೆದಿಲ್ಲ. ನೀರು ಕುಡಿದು ಪ್ಲೈವುಡ್ ಊದಿದೆ, ಅದಕ್ಕೆ ಹೊಸ ಬಾಗಿಲೇ ಬೇಕು.