ಹೈಸ್ಕೂಲ್ ಮಕ್ಕಳ ಆಟಕ್ಕೆ ನಿಮ್ಮೂರಲ್ಲಿ ಹೇಗೆ ನೆರವಾದ್ರಿ? ಅನುಭವ ಹೇಳಿ

ಆಲೂರು ತಾಲೂಕಿನ ಒಬ್ಬ ತಾಯಿ ಕೇಳಿದ್ದು

ನನ್ನ ಮಗಳು ಸರ್ಕಾರಿ ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸು. ಹೋದ ವರ್ಷ ಅವರ ಖೋ-ಖೋ ತಂಡ ತಾಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಹಾಸನಕ್ಕೆ ಹೋಗಿತ್ತು. ಮೊದಲ ಪಂದ್ಯಕ್ಕೇ ವಾಪಸ್ಸು ಬಂದ್ರು. ಸೋತಿದ್ದಕ್ಕೆ ಬೇಜಾರಿಲ್ಲ, ಅಭ್ಯಾಸವೇ ಇಲ್ಲದೆ ಕಳಿಸಿದೆವಲ್ಲ ಅಂತ ಬೇಜಾರು. ಸ್ಕೂಲು ಬಿಡೋದು ನಾಲ್ಕೂವರೆಗೆ, ಹಳ್ಳಿಗಳ ಕಡೆ ಕೊನೇ ಬಸ್ಸು ಐದಕ್ಕೆ. ತಂಡದ 12 ಮಕ್ಕಳಲ್ಲಿ 8 ಜನ ಆ ಬಸ್ಸಿನವರೇ. ಊರಲ್ಲಿ ಕೈ ಬಿಚ್ಚಿ ಕೊಡೋರು ಇದ್ದಾರೆ. ಯಾರನ್ನ, ಏನು ಅಂತ ಕೇಳೋದು? ಈ ಸಲ ಸ್ಕೂಲಿನ ಅಭಿವೃದ್ಧಿ ಸಮಿತಿ, ಅಂದ್ರೆ ಎಸ್‌ಡಿಎಂಸಿಯಲ್ಲಿ ನಾನೂ ಇದ್ದೀನಿ.

ಸಕಲೇಶಪುರ ಕಡೆಯ ನಿವೃತ್ತ ಪಿಟಿ ಮೇಷ್ಟ್ರು

ತಾಯಿ, ಮೊದಲು ರಸೀದಿ ಪುಸ್ತಕ ಹಿಡ್ಕೊಂಡು ಹೊರಡಬೇಡಿ. ನಾನು ಅದನ್ನೇ ಮಾಡಿದ್ದು. ಜನ ಕೊಟ್ಟರು. ದಾನಿಗಳ ಹೆಸರು ಬರೆಸಿದ ಜೆರ್ಸಿ ಬಂತು, ಕಪ್ಪುಗಳು ಬಂದವು, ಪಂದ್ಯದ ದಿನ ಶಾಮಿಯಾನವೂ ಬಂತು. ಆದರೆ ಜುಲೈ ತಿಂಗಳಲ್ಲಿ ಸಂಜೆ ಆರಕ್ಕೆ ಒದ್ದೆಯಾಗಿ ನಿಂತ ಹುಡುಗಿಯನ್ನ ಆರು ಕಿಲೋಮೀಟರ್ ದೂರದ ಮನೆಗೆ ಬಿಡೋರು ಯಾರೂ ಇರಲಿಲ್ಲ. ಆಮೇಲೆ ದುಡ್ಡು ಕೇಳೋದನ್ನ ಬಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೇಳೋಕೆ ಶುರು ಮಾಡಿದೆ.

ನಿಮಗೆ ಸಂಜೆ ಬಸ್ಸಿಲ್ಲ ಸರಿ, ಬೆಳಗಿನ ಬಸ್ಸು ಎಷ್ಟಕ್ಕೆ ಬರುತ್ತೆ ನೋಡಿ. ನಮ್ಮಲ್ಲಿ ಎಂಟಕ್ಕೇ ಮಕ್ಕಳನ್ನ ತಂದು ಇಳಿಸುತ್ತಿತ್ತು, ಪ್ರಾರ್ಥನೆ ಹತ್ತು ಗಂಟೆಗೆ. ಆ ಎರಡು ಗಂಟೆ ಅಭ್ಯಾಸಕ್ಕೆ ಸಿಕ್ಕಿತು. ಆದರೆ ಆರೂವರೆಗೆ ಮನೆ ಬಿಟ್ಟ ಮಕ್ಕಳ ಹೊಟ್ಟೇಲಿ ಏನೂ ಇರಲಿಲ್ಲ. ಒಂದು ಹುಡುಗಿ ತಲೆ ಸುತ್ತಿ ಬಿದ್ದಳು. ಆಗ ಸ್ತ್ರೀಶಕ್ತಿ ಸಂಘದ ಹೆಂಗಸರು ವಾರ ಹಂಚಿಕೊಂಡರು: ಒಂದು ದಿನ ಹೆಸರುಕಾಳು ಉಸಲಿ, ಒಂದು ದಿನ ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ನನ್ನ ಸರ್ವೀಸಿನಲ್ಲಿ ಆಟಕ್ಕೆ ಸಿಕ್ಕ ಅತಿ ದೊಡ್ಡ ಸಹಾಯ ಯಾವುದು ಅಂತ ಕೇಳಿದರೆ ಆ ಉಸಲಿ ಅಂತೀನಿ.

ಇಲಾಖೆಯ ಕ್ರೀಡಾಕೂಟಗಳು ನಮಗೆ ಸರಿಯಾಗಿ ಮಳೆಗಾಲದಲ್ಲೇ ಬರೋದು. ಅಂಗಳ ಕೆಸರಾಗಿರುತ್ತೆ. ಆದರೆ ಕಾಫಿ ಕುಯ್ಲು ನವೆಂಬರ್, ಡಿಸೆಂಬರಿಗೆ ಶುರುವಾಗೋದು, ಅಲ್ಲಿವರೆಗೆ ತೋಟಗಳ ಗೋದಾಮು ಹೆಚ್ಚುಕಮ್ಮಿ ಖಾಲಿ. ಒಬ್ಬ ಬೆಳೆಗಾರರನ್ನ ಕೇಳಿದೆ, ಬೀಗದ ಕೈಯನ್ನೇ ಕೊಟ್ಟರು. ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ, ಅದು ಗೋದಾಮಲ್ಲಿ ಹಿಡಿಸಲ್ಲ. ಆದರೆ ಕೂತಲ್ಲಿಂದ ಏಳೋದು, ಖೋ ಕೊಡೋದು, ತಿರುಗಿ ಓಡೋದು, ಸರಪಳಿ ಓಟ ಎಲ್ಲ ಅಲ್ಲೇ ತಿದ್ದಬಹುದು. ಸಿಮೆಂಟು ನೆಲದ ಮೇಲೆ ಡೈವ್ ಮಾತ್ರ ಬೇಡವೇ ಬೇಡ. ಕಂಬಗಳನ್ನ ಸಾಮಿಲ್ಲಿನವರು ಸಿಲ್ವರ್ ಓಕಿನಲ್ಲಿ ಮಾಡಿಕೊಟ್ಟರು. ನಯವಾಗಿರಲಿ, ಸುತ್ತ ಮರಳು ಹಾಕಿಸಿ.

ಇನ್ನೊಂದು ಮಾತು, ಇದನ್ನ ಹೇಳೋಕೆ ಈಗಲೂ ಕಷ್ಟ. ಒಂದು ಸಂಜೆ ಬೇರೆ ಗಾಡಿ ಸಿಗದೆ ಮಕ್ಕಳನ್ನ ಸಾಮಾನಿನ ಪಿಕಪ್ಪಿನ ಹಿಂದೆ ಹತ್ತಿಸಿದೆ. ತಿರುವಲ್ಲಿ ಒಬ್ಬ ಹುಡುಗ ಬಿದ್ದು ಕೈ ಮುರಿಯಿತು. ತಪ್ಪು ನನ್ನದೇ. ಗಾಡಿ ಇಲ್ಲದ ದಿನ ಅಭ್ಯಾಸ ಬೇಡ.

ಕಡೂರು ಕಡೆಯ ಯುವಕ ಸಂಘದಿಂದ

ನಮ್ಮದು ಬಯಲು ಸೀಮೆ, ಮಳೆ ಕಾಟ ಇಲ್ಲ, ಆದರೆ ಗ್ರೌಂಡ್ ಪೂರ್ತಿ ಕಲ್ಲು. ಗ್ರಾಮಸಭೆಯಲ್ಲಿ ಬರೆಸಿ ನರೇಗಾದಲ್ಲಿ ಮಟ್ಟ ಮಾಡಿಸಿದೆವು. ನಾವು ಕಲಿತದ್ದು ಎರಡು. ಮೊದಲು ಸರ್ವೆ ಮಾಡಿಸಿ ಹದ್ದುಬಸ್ತು ಹಾಕಿಸಬೇಕು, ಇಲ್ಲದಿದ್ರೆ ಕೆಲಸ ಶುರುವಾದ ದಿನ ಪಕ್ಕದ ಜಮೀನಿನವರು ಅಡ್ಡ ನಿಲ್ತಾರೆ. ಇನ್ನೊಂದು, ಅಲ್ಲಿ ಕೂಲಿಗೂ ಸಾಮಗ್ರಿಗೂ 60:40 ಲೆಕ್ಕ ಇತ್ತು. ಹಾಗಾಗಿ ಮಣ್ಣಿನ ಕೆಲಸ ಬೇಗ ಆಯ್ತು, ತಂತಿಬೇಲಿ ನಿಂತೇ ಹೋಯ್ತು. ಬೇಲಿ ದುಡ್ಡನ್ನ ಜಾತ್ರೆ ಕಬಡ್ಡಿ ಪಂದ್ಯಾವಳಿಯಿಂದ ಎತ್ತಿದೆವು.

ಹೆಣ್ಣುಮಕ್ಕಳನ್ನ ಆಟಕ್ಕೆ ಕಳಿಸೋಕೆ ಅಪ್ಪಂದಿರು ಒಪ್ಪದಿದ್ರೆ ನಾವು ವೇದಾ ಕೃಷ್ಣಮೂರ್ತಿ ಹೆಸರು ಹೇಳ್ತೀವಿ. ಕಡೂರಿನ ಹುಡುಗಿ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್ ಲಾರ್ಡ್ಸ್‌ನಲ್ಲಿ ಆಡಿದ್ದನ್ನ ನಮ್ಮ ಕಡೆ ಎಲ್ಲರೂ ನೋಡಿದ್ದಾರೆ. ಆದರೆ ಕ್ರಿಕೆಟ್ ಕಲಿಯೋಕೆ ಅವರು ಬೆಂಗಳೂರಿಗೇ ಹೋಗಬೇಕಾಯ್ತು. ಎಷ್ಟು ಮನೆಗೆ ಅದು ಸಾಧ್ಯ? ಕಬಡ್ಡಿ, ಖೋ-ಖೋ ಆದ್ರೆ ಊರಲ್ಲೇ ಕಲಿಸಬಹುದು ಅನ್ನೋದಕ್ಕೇ ನಾವು ಹಟ ಹಿಡಿದಿರೋದು.

ಕೊಪ್ಪದಿಂದ, ಹಿಂದೆ ಆಡಿದವಳು

ಅಕ್ಕಾ, ನಾನು ವಿಭಾಗ ಮಟ್ಟದವರೆಗೆ ಥ್ರೋಬಾಲ್ ಆಡಿದವಳು. ಜಿಲ್ಲೆ ಗೆದ್ದರೆ ನಮಗೂ ನಿಮಗೂ ಮೈಸೂರು ವಿಭಾಗವೇ, ರಾತ್ರಿ ಉಳಿಯೋದು ಬರುತ್ತೆ. ಅಪ್ಪ ಖಂಡಿತ ಬೇಡ ಅಂದಿದ್ರು. ಪಕ್ಕದ ಮನೆ ಅತ್ತೆ "ಮಾರಾಯ್ರೆ, ನಾನು ಹೋಗ್ತೀನಲ್ಲ ಜೊತೆಗೆ" ಅಂದ ಮೇಲೇ ಚೀಲ ಕಟ್ಟಿದ್ದು. ಜೊತೆಗೆ ಹೋಗೋ ಹೆಂಗಸರು ಇಬ್ಬರು ಯಾರು ಅಂತ ಈಗಲೇ ಗೊತ್ತು ಮಾಡಿಡಿ, ಹಿಂದಿನ ದಿನ ಹುಡುಕಿದ್ರೆ ಸಿಗಲ್ಲ. ಚೀಲದಲ್ಲಿ ಪ್ಯಾಡು, ಒಂದು ಜೊತೆ ಹೆಚ್ಚಿನ ಬಟ್ಟೆ, ಬದಲಾಯಿಸಿಕೊಳ್ಳೋವಾಗ ಅಡ್ಡ ಹಿಡಿಯೋಕೆ ಎರಡು ಬೆಡ್‌ಶೀಟ್ ಇರಲಿ. ಇದನ್ನ ಯಾವ ಮೇಷ್ಟ್ರೂ ನೆನಪಿಟ್ಟುಕೊಳ್ಳಲ್ಲ.

2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಲ್ಲ, ಹಾಸನಕ್ಕೆ ಹೋಗಿಬರೋ ದುಡ್ಡು ಉಳಿಯುತ್ತೆ, ಅದನ್ನ ಊಟಕ್ಕೆ ಹಾಕಿ. ಸರ್ಟಿಫಿಕೇಟಿಗೆ ಅವತ್ತೇ ಸಹಿ, ಸೀಲು ಹಾಕಿಸಿ, ಹೆಸರಿನ ಅಕ್ಷರ ನೋಡಿ. ನನ್ನ ಇನಿಷಿಯಲ್ ತಪ್ಪಿದ್ದಕ್ಕೆ ಎಷ್ಟು ಅಲೆದೆ ಅಂತ ನನಗೇ ಗೊತ್ತು.

ಕೇಳಿದ ತಾಯಿ

ಎಲ್ಲರಿಗೂ ಕೈ ಮುಗಿದೆ. ಮೇಷ್ಟ್ರೇ, ನಮ್ಮ ಬೆಳಗಿನ ಬಸ್ಸು ಏಳೂಮುಕ್ಕಾಲಿಗೇ ಬರುತ್ತೆ. ಮಕ್ಕಳು ಸ್ಕೂಲ್ ಬಾಗಿಲು ತೆಗೆಯೋ ತನಕ ಅರಳೀಕಟ್ಟೆ ಮೇಲೆ ಕೂತಿರ್ತಾರೆ, ದಿನಾ ನೋಡ್ತಿದ್ದೆ. ಗೇಟಿನ ಕೀ ನಮ್ಮ ಬೀದಿಯ ಅಡುಗೆಯಮ್ಮನ ಹತ್ತಿರವೇ ಇದೆ. ಸೋಮವಾರ ಹೆಡ್‌ಮಾಸ್ಟರನ್ನ ಕೇಳಿ, ಅಡುಗೆಯಮ್ಮನ ಜೊತೆ ನಾನೂ ಗೇಟಿನ ಹತ್ತಿರ ಇರ್ತೀನಿ. ಮೊದಲ ವಾರದ ಹೆಸರುಕಾಳು ನಮ್ಮನೇದು.