‘ಕೃಪೆ: ಇಂಟರ್ನೆಟ್’ ಅಂತ ಹಾಕಿದರೆ ಸಾಲದಾ?

ತಾಲ್ಲೂಕು ವರದಿ: ನಾನು ಒಂದು ಚಿಕ್ಕ ನ್ಯೂಸ್ ವೆಬ್‌ಸೈಟ್ ನಡೆಸುತ್ತೇನೆ. ಹೋದ ತಿಂಗಳು ಸೇತುವೆ ಮುಳುಗಿದ ಸುದ್ದಿಗೆ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಫೋಟೊ ಹಾಕಿದ್ದೆ, ಕೆಳಗೆ ‘ಕೃಪೆ: ಇಂಟರ್ನೆಟ್’ ಅಂತಲೂ ಬರೆದಿದ್ದೆ. ಈಗ ಅದನ್ನು ತೆಗೆದವರು ಮೇಲ್ ಕಳಿಸಿ ದುಡ್ಡು ಕೇಳುತ್ತಿದ್ದಾರೆ. ಸುದ್ದಿಗೆ ಬಳಸಿದರೆ ಫೇರ್ ಯೂಸ್, ವಿಡಿಯೊ ಆದರೆ 30 ಸೆಕೆಂಡಿನವರೆಗೆ ಯಾರೂ ಕೇಳುವ ಹಾಗಿಲ್ಲ ಅಂತ ಎಲ್ಲರೂ ಹೇಳ್ತಾರಲ್ಲ, ಅದೆಲ್ಲ ಸುಳ್ಳಾ?

ಡೆಸ್ಕ್ ಮೂಲೆ: 30 ಸೆಕೆಂಡಿನ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಫೇರ್ ಯೂಸ್ ಅನ್ನುವುದು ಅಮೆರಿಕದ ಮಾತು, ಯೂಟ್ಯೂಬಿನ ದೆಸೆಯಿಂದ ನಮ್ಮ ಬಾಯಿಗೂ ಬಂದಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಇರುವುದು ಫೇರ್ ಡೀಲಿಂಗ್, ಅಂದರೆ ಒಪ್ಪಿಗೆ ಕೇಳದೆ ನ್ಯಾಯವಾದ ಮಟ್ಟಿಗೆ ಬಳಸಿಕೊಳ್ಳುವ ಅವಕಾಶ. ಸ್ವಂತ ಬಳಕೆ ಅಥವಾ ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಇಷ್ಟಕ್ಕೆ ಮಾತ್ರ ಅದು ಸಿಗುತ್ತದೆ. ನಿಮ್ಮದು ಮೂರನೆಯದು ಅಂತ ವಾದಿಸಬಹುದು. ಆದರೆ ಎಷ್ಟು ತೆಗೆದುಕೊಂಡಿರಿ, ಯಾಕೆ ತೆಗೆದುಕೊಂಡಿರಿ, ಅದರಿಂದ ಅವರ ಸಂಪಾದನೆಗೆ ಕಲ್ಲು ಬಿತ್ತಾ ಅಂತಲೂ ಕೋರ್ಟ್ ನೋಡುತ್ತದೆ. ಸುದ್ದಿಗೆ ಅಂತಲೇ ತೆಗೆದ ಫೋಟೊವನ್ನು ಇಡಿಯಾಗಿ ಎತ್ತಿ ಅದೇ ಸುದ್ದಿಗೆ ಹಾಕಿಕೊಂಡರೆ ವಾದ ನಿಲ್ಲುವುದು ಕಷ್ಟ. ಆ ಫೋಟೊ ಬಗ್ಗೆಯೇ ಗಲಾಟೆ ಎದ್ದು, ತೋರಿಸದೆ ಬರೆಯಲು ಆಗುವುದೇ ಇಲ್ಲ ಅನ್ನುವ ಹಾಗಿದ್ದರೆ ಮಾತು ಬೇರೆ.

ಕರಿಕೋಟು: ಮೇಲಿನವರು ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ಸೇತುವೆ ಮುಳುಗಿತು ಅನ್ನುವ ಸಂಗತಿಗೆ ಕಾಪಿರೈಟ್ ಇಲ್ಲ, ಅದನ್ನು ಬರೆದ ವಾಕ್ಯಗಳಿಗೆ ಇದೆ. ಹಾಗಾಗಿ ಬೇರೆ ಪೇಪರಿನ ಸುದ್ದಿ ಓದಿ ನಿಮ್ಮ ಮಾತಿನಲ್ಲಿ ಬರೆಯಿರಿ, ಕಾಪಿ-ಪೇಸ್ಟ್ ಬೇಡ. ಕೋರ್ಟ್ ತೀರ್ಪಿನ ಪಠ್ಯವನ್ನು ಕೋರ್ಟೇ ತಡೆಯದಿದ್ದರೆ ಹಾಕಿಕೊಳ್ಳಬಹುದು, ಆದರೆ ಲಾ ಜರ್ನಲಿನವರು ತೀರ್ಪಿನ ಮೇಲೆ ಬರೆದ ಸಾರಾಂಶ, ಅಂದರೆ ಹೆಡ್‌ನೋಟ್ ಅವರದು. 2007ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಇನ್ನು ಫೋಟೊ ರಿಜಿಸ್ಟರ್ ಆಗಿಲ್ಲ ಅಂತ ಜಗಳಕ್ಕೆ ಹೋಗಬೇಡಿ. ರಿಜಿಸ್ಟರ್ ಮಾಡಿಸದಿದ್ದರೂ ಹಕ್ಕು ಇರುತ್ತದೆ, ಫೋಟೊಗ್ರಾಫರ್ ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೂ 60 ವರ್ಷ.

ಹಳೇ ಲೆನ್ಸು: ನಾನು ಫ್ರೀಲ್ಯಾನ್ಸ್ ಫೋಟೊಗ್ರಾಫರ್. ಮೊಣಕಾಲುದ್ದ ನೀರಿನಲ್ಲಿ ನಿಂತು ತೆಗೆದ ಫೋಟೊದ ಮೂಲೆಯಿಂದ ನನ್ನ ಹೆಸರು ಕತ್ತರಿಸಿ, ಕೆಳಗೆ ‘ಕೃಪೆ: ಇಂಟರ್ನೆಟ್’ ಅಂತ ಹಾಕಿದರೆ ಹೊಟ್ಟೆ ಉರಿಯುತ್ತೆ. ಇಂಟರ್ನೆಟ್ ಏನು ಕ್ಯಾಮೆರಾ ಹಿಡಿದು ಬಂದಿತ್ತಾ? ಊರಿನ ಹುಡುಗರು ಫೋನ್ ಮಾಡಿ ಕೇಳಿದರೆ ಎಷ್ಟೋ ಸಲ ಸುಮ್ನೆ ಕೊಟ್ಟಿದ್ದೇನೆ.

ತಾಲ್ಲೂಕು ವರದಿ: ಫೋಟೊ ಈಗಷ್ಟೇ ವೆಬ್‌ಸೈಟಿನಿಂದ ತೆಗೆದುಹಾಕಿದೆ. ಕಳಿಸಿದ ಇಮೇಲಿನಲ್ಲಿ ಅವರ ನಂಬರ್ ಇದೆ, ಬೆಳಗ್ಗೆ ಮಾತಾಡಿ ನೋಡುತ್ತೇನೆ, ಸ್ವಲ್ಪ ಕಡಿಮೆ ಮಾಡ್ತಾರೇನೋ. ಹಳೇ ಲೆನ್ಸು ಅವರೇ, ಅದು ನೀವೇ ಅಲ್ಲ ತಾನೇ?

ಹಳೇ ಲೆನ್ಸು: ಅಲ್ಲ ಮಾರಾಯ್ರೇ. ಆದರೂ ಫೋನ್ ಮಾಡಿ.