ಪೋಷಕಾಂಶ ಹೆಚ್ಚಾಗಿ ಕೆಟ್ಟುಹೋದ ಅಳಿವೆ ಮತ್ತೆ ಸುಧಾರಿಸಲು ಎಷ್ಟು ಕಾಲ ಬೇಕು?

ಪ್ರಶ್ನೆ: ಕಾಫಿ ಬೆಳೆಗಾರ, ಸಕಲೇಶಪುರ

ನಮ್ಮ ತೋಟದ ಕೆಳಗಿನ ಹಳ್ಳ ಕೆಂಪುಹೊಳೆಗೆ ಸೇರುತ್ತದೆ. ಆ ನೀರು ಗುಂಡ್ಯ ಹೊಳೆಯಾಗಿ ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಕೊನೆಗೆ ಮಂಗಳೂರಿನ ಅಳಿವೆಯಲ್ಲಿ ಸಮುದ್ರಕ್ಕೆ ಹೋಗುತ್ತದೆ. ಸಾರಜನಕ, ರಂಜಕಗಳು ಮಿತಿಮೀರಿದರೆ ಪಾಚಿ ಉಕ್ಕಿ ಬೆಳೆಯುತ್ತದೆ, ಅದು ಕೊಳೆಯುವಾಗ ತಳದ ನೀರಿನ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ ಎಂಬಷ್ಟನ್ನು ಓದಿ ಬಲ್ಲೆ. ಹೊರಗಿನಿಂದ ಬರುವ ಪೋಷಕಾಂಶವನ್ನು ತಡೆದರೆ ಅಳಿವೆ ತಾನಾಗಿಯೇ ಮೊದಲಿನಂತಾಗುತ್ತದೆಯೇ? ಕೆಲವು ಕಡೆ ಬೇಗ ಸುಧಾರಿಸಿ, ಕೆಲವು ಕಡೆ ದಶಕಗಳು ಕಳೆದರೂ ಸುಧಾರಿಸದಿರಲು ಕಾರಣವೇನು? ಘಟ್ಟದ ಮೇಲೆ ನಾವು ಹಾಕುವ ಗೊಬ್ಬರಕ್ಕೂ ಇದಕ್ಕೂ ಸಂಬಂಧವಿದೆಯೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1: ಜೀವಶಾಸ್ತ್ರ ಉಪನ್ಯಾಸಕಿ, ಚಿಕ್ಕಮಗಳೂರು

ತಡೆಯದೆ ಏನೂ ಆಗುವುದಿಲ್ಲ, ಆದರೆ ತಡೆದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಹೊಸ ಸಾಲ ನಿಲ್ಲಿಸಿದರೂ ಹಳೆಯ ಸಾಲದ ಬಡ್ಡಿ ಬೆಳೆಯುತ್ತಲೇ ಇರುವ ಹಾಗೆ, ಅಳಿವೆಯ ತಳದ ಕೆಸರಿನಲ್ಲಿ ವರ್ಷಗಳಿಂದ ಕೂತ ರಂಜಕ ಮತ್ತೆ ಮತ್ತೆ ನೀರಿಗೆ ಬರುತ್ತದೆ. ಆಮ್ಲಜನಕ ಇರುವ ಕೆಸರಿನಲ್ಲಿ ರಂಜಕವನ್ನು ಕಬ್ಬಿಣದ ಸಂಯುಕ್ತಗಳು ಹಿಡಿದಿಟ್ಟಿರುತ್ತವೆ. ಆಮ್ಲಜನಕ ಮುಗಿದಾಗ ಆ ಹಿಡಿತ ಸಡಿಲವಾಗುತ್ತದೆ. ಮೇಲಾಗಿ ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳವಾಗಿರುವುದರಿಂದ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ, ಆ ಸಲ್ಫೈಡ್ ಕಬ್ಬಿಣವನ್ನು ತಾನೇ ಕಟ್ಟಿಕೊಳ್ಳುವುದರಿಂದ ರಂಜಕವನ್ನು ಹಿಡಿಯಲು ಕಬ್ಬಿಣ ಉಳಿಯುವುದಿಲ್ಲ. ಕೈಯಲ್ಲಿ ತೆಗೆದರೆ ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬರುವ ಕೆಸರು ಇದೇ.

ಸಾರಜನಕದ ಕಥೆ ಬೇರೆ. ಅಮೋನಿಯಂ ಮೊದಲು ನೈಟ್ರೇಟ್ ಆಗಿ, ಆಮೇಲೆ ಸಾರಜನಕ ಅನಿಲವಾಗಿ ಗಾಳಿಗೆ ಹೋಗುವುದು ಅಳಿವೆ ತನ್ನನ್ನು ತಾನೇ ಶುದ್ಧಿ ಮಾಡಿಕೊಳ್ಳುವ ದಾರಿ. ಮೊದಲ ಹಂತಕ್ಕೆ ಆಮ್ಲಜನಕ ಬೇಕೇ ಬೇಕು. ತಳ ಉಸಿರುಗಟ್ಟಿದ ಮೇಲೆ ಆ ದಾರಿಯೇ ಮುಚ್ಚಿಹೋಗಿ, ಅಮೋನಿಯಂ ನೀರಿನಲ್ಲೇ ಉಳಿದು ಪಾಚಿಗೆ ಆಹಾರವಾಗುತ್ತದೆ. ಆದ್ದರಿಂದಲೇ ಚೇತರಿಕೆ ಬಹಳ ಕಾಲ ಕಾಣಿಸದೆ, ಆಮ್ಲಜನಕ ಒಂದು ಮಟ್ಟ ದಾಟಿದ ಮೇಲೆ ಚುರುಕಾಗಬಹುದು.

ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯನ್ನು ನೋಡಿ. 1972ರ ಕಾನೂನು ಚರಂಡಿ ನೀರಿನ ಉನ್ನತ ಶುದ್ಧೀಕರಣವನ್ನು ಕಡ್ಡಾಯಗೊಳಿಸಿತು. ಅಲ್ಲಿಂದ ಮುಂದೆ ನೀರು ತಿಳಿಯಾಗುತ್ತಾ ಬಂದು, ಸಮುದ್ರ ಹುಲ್ಲಿನ (ತಿಳಿನೀರಿನ ತಳದಲ್ಲಿ ಬೇರೂರಿ, ಬೆಳಕಿದ್ದರೆ ಮಾತ್ರ ಬೆಳೆಯುವ ಗಿಡದ) ಹಾಸು 1950ರ ದಶಕದ ಮಟ್ಟಕ್ಕೆ ಮರಳಬೇಕೆಂಬ 38,000 ಎಕರೆಯ ಗುರಿಯನ್ನು 2014ರ ಸಮೀಕ್ಷೆಯಲ್ಲಿ ದಾಟಿತು. ಅಂದರೆ ನಾಲ್ಕು ದಶಕ! 2016ರ ನಂತರ ಮತ್ತೆ ಕುಸಿದು 2022ರಲ್ಲಿ ಸುಮಾರು 30,000 ಎಕರೆಗೆ ಇಳಿಯಿತು ಎಂಬುದನ್ನೂ ಮರೆಯಬಾರದು. ಡೆನ್ಮಾರ್ಕ್ 1987ರಲ್ಲಿ ಸಾರಜನಕವನ್ನು ಅರ್ಧಕ್ಕೆ, ರಂಜಕವನ್ನು ಶೇಕಡಾ 80ರಷ್ಟು ಕಡಿಮೆ ಮಾಡುವ ಯೋಜನೆ ಹಾಕಿಕೊಂಡಿತು. ಚರಂಡಿಯ ರಂಜಕ ಬೇಗ ಇಳಿಯಿತು. ಹೊಲಗಳ ಸಾರಜನಕ ಇಳಿಯಲು ಹೆಚ್ಚು ಕಾಲ ಹಿಡಿಯಿತು. ನೀರು ಸುಧಾರಿಸಿದರೂ ಸಮುದ್ರ ಹುಲ್ಲು ತಡವಾಗಿಯೇ ಮರಳುತ್ತಿದೆ, ಏಕೆಂದರೆ ಬೇರು ಹಿಡಿದಿಡದ ಮೆತ್ತನೆಯ ಕೆಸರು ಗಾಳಿಗೆ ಕದಡಿ ಬೆಳಕನ್ನು ತಡೆಯುತ್ತದೆ. ಹುಲ್ಲು ಹೋದರೆ ಕೆಸರು ಕದಡುತ್ತದೆ, ಕೆಸರು ಕದಡಿದರೆ ಹುಲ್ಲು ಬೆಳೆಯುವುದಿಲ್ಲ.

ಉತ್ತರ 2: ನಿವೃತ್ತ ಇಂಜಿನಿಯರ್, ಹಾಸನ

ಒಂದು ಮಾತು ಸೇರಿಸುತ್ತೇನೆ. ಸಾಮಾನ್ಯ ಕೊಳಚೆ ನೀರು ಶುದ್ಧೀಕರಣ ಘಟಕ ನೀರಿನಲ್ಲಿರುವ ಸಾವಯವ ಕೊಳೆಯನ್ನು ತಗ್ಗಿಸುತ್ತದೆಯೇ ಹೊರತು, ಸಾರಜನಕ ಮತ್ತು ರಂಜಕದ ದೊಡ್ಡ ಪಾಲು ಹಾಗೇ ಹೊರಹೋಗುತ್ತದೆ. ಅದಕ್ಕೆಂದೇ ಬೇರೆ ಹಂತಗಳನ್ನು ಕಟ್ಟಬೇಕು. "ಘಟಕ ಇದೆಯಲ್ಲ" ಎಂದು ಸುಮ್ಮನಾಗುವವರು ಇದನ್ನು ಗಮನಿಸುವುದಿಲ್ಲ. ಬಾಸ್ಟನ್‌ನವರು 2000ರಲ್ಲಿ ಶುದ್ಧೀಕರಿಸಿದ ನೀರನ್ನು ಸುಮಾರು 15 ಕಿಲೋಮೀಟರ್ ಆಚೆ ಸಮುದ್ರದೊಳಕ್ಕೆ ಕೊಳವೆಯಲ್ಲಿ ಒಯ್ದ ಮೇಲೆ ಬಂದರಿನ ನೀರು ಬೇಗ ಸುಧಾರಿಸಿತು, ನಿಜ. ಆದರೆ ಅಂಥ ಆಳವಾದ, ಚೆನ್ನಾಗಿ ಕಲಕುವ ಸಮುದ್ರ ಎಲ್ಲ ಊರಿನ ಪಕ್ಕದಲ್ಲೂ ಇರುವುದಿಲ್ಲ.

ಉತ್ತರ 3: ಮೂಡಿಗೆರೆಯ ಬೆಳೆಗಾರ

ಉಪನ್ಯಾಸಕಿಯವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಡೆನ್ಮಾರ್ಕಿನ ಉದಾಹರಣೆಯನ್ನು ನಮ್ಮ ನೇತ್ರಾವತಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆ ಅಳಿವೆಯನ್ನು ತೊಳೆದು ಹೋಗುತ್ತದೆ. ಪೋಷಕಾಂಶ ಬಂದಷ್ಟೇ ಬೇಗ ಹೊರಗೆ ಹೋಗುವ ಕಾಲ ಅದು.

ಉತ್ತರ 4: ಜೀವಶಾಸ್ತ್ರ ಉಪನ್ಯಾಸಕಿ, ಚಿಕ್ಕಮಗಳೂರು

ನೀರು ಹೋಗುತ್ತದೆ, ಸರ್, ಆದರೆ ಮಣ್ಣಿನ ಕಣಕ್ಕೆ ಅಂಟಿ ಇಳಿಯುವ ರಂಜಕದ ಒಂದಷ್ಟು ಭಾಗ ಹೊಳೆಯ ತಿರುವು, ಮಡು, ಅಳಿವೆಯ ತಳಗಳಲ್ಲೇ ಉಳಿಯುತ್ತದೆ. ಫೆಬ್ರವರಿಯಿಂದ ಮೇ ತನಕ ಹೊಳೆ ಸೊರಗಿ, ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಸಂಗ್ರಹವಾಗಿ, ಕೆಳಗೆ ಉಪ್ಪುನೀರು ಒಳಬರುವಾಗ ಅಳಿವೆಯ ನೀರು ಹೆಚ್ಚು ಕಾಲ ನಿಲ್ಲುತ್ತದೆ. ಪಾಚಿಗೆ ಬೇಕಾದ ಬಿಸಿಲೂ ಆಗಲೇ ಇರುತ್ತದೆ.

ಪ್ರಶ್ನೆ ಕೇಳಿದವರಿಗೆ: ತೋಟದಲ್ಲಿ ಎರಡು ಸಮಯ ಮುಖ್ಯ. ಜೋರು ಮಳೆಗೆ ಮೊದಲು ಒಮ್ಮೆಗೇ ಯೂರಿಯಾ ಎರಚಿದರೆ ಸಾಕಷ್ಟು ಪಾಲು ಹಳ್ಳಕ್ಕೆ ಇಳಿಯುತ್ತದೆ, ಆದ್ದರಿಂದ ಕಂತು ಕಂತಾಗಿ ಹಾಕುವುದು ಕಾಸಿಗೂ ಹೊಳೆಗೂ ಒಳ್ಳೆಯದು. ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ (ಗಿಡಗಳ ಸಾಲಿನ ನಡುವೆ ಇಳಿಜಾರಿಗೆ ಅಡ್ಡಲಾಗಿ ತೋಡುವ ಗುಂಡಿ) ಇದ್ದರೆ ಮಣ್ಣೂ ನಿಲ್ಲುತ್ತದೆ. ಎರಡನೆಯದು ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆದ ನೀರು. ಡಿಸೆಂಬರ್, ಜನವರಿಯಲ್ಲಿ ಹಳ್ಳ ಸಣ್ಣದಾಗಿರುವಾಗ ಅದನ್ನು ನೇರವಾಗಿ ಬಿಟ್ಟರೆ, ಅಳಿವೆಯವರೆಗೆ ಹೋಗುವ ಮೊದಲೇ ನಿಮ್ಮ ಹಳ್ಳದ ಆಮ್ಲಜನಕ ಮುಗಿದಿರುತ್ತದೆ. ಅದನ್ನು ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಇಳಿಸಿ, ಶುದ್ಧವಾದ ಮೇಲೆ ತೋಟಕ್ಕೇ ಹಾಯಿಸಿಕೊಳ್ಳಿ.